ಐಸಿಯುನಲ್ಲಿ ಕ್ರಿಯಾಟಿನಿನ್ ನಾರ್ಮಲ್, ಯೂರಿನ್ ಮಾತ್ರ ಕಡಿಮೆ: ಯಾವುದನ್ನ ನಂಬೋದು?

ಬಸವನಗುಡಿ_ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 72 ವರ್ಷ, ತೂಕ 45 ಕೆಜಿ. ಮೂತ್ರದ ಸೋಂಕು ರಕ್ತಕ್ಕೆ ಹರಡಿ ಬಿಪಿ ಕುಸಿದಿದ್ದರಿಂದ ಇಲ್ಲೇ ಬೆಂಗಳೂರಲ್ಲಿ ಐಸಿಯುಗೆ ಸೇರಿಸಿದ್ದೀವಿ. ಬಿಪಿ ಬೀಳದ ಹಾಗೆ ನಿಲ್ಲಿಸೋಕೆ ನಾರ್‌ಅಡ್ರಿನಲಿನ್ ಹೋಗ್ತಿದೆ. ಬೆಳಗಿನ ರಿಪೋರ್ಟಲ್ಲಿ ಕ್ರಿಯಾಟಿನಿನ್ 0.7, ಅದರ ಕೆಳಗೆ ಇಜಿಎಫ್‌ಆರ್ (ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತೆ ಅನ್ನೋ ಅಂದಾಜು) 92 ಅಂತ ಪ್ರಿಂಟಾಗಿದೆ. ಸದ್ಯ ಕಿಡ್ನಿಗೇನೂ ಆಗಿಲ್ಲವಲ್ಲ ಅಂತ ನಾವೆಲ್ಲ ಉಸಿರು ಬಿಟ್ವಿ. ಆದ್ರೆ ರೌಂಡ್ಸ್‌ಗೆ ಬಂದ ಡಾಕ್ಟರಿಗೆ ಸಮಾಧಾನ ಆಗಲಿಲ್ಲ. "ಯೂರಿನ್ ಗಂಟೆಗೆ 20 ಎಂಎಲ್ ಆಸುಪಾಸಿದೆ, ಎಂಟು ಗಂಟೆದು ಪೂರ್ತಿ ಕೂಡಿಸಿ ಲ್ಯಾಬಿಗೆ ಕಳಿಸಿ" ಅಂತ ಸಿಸ್ಟರ್‌ಗೆ ಹೇಳಿ ಮುಂದಿನ ಬೆಡ್ಡಿಗೆ ಹೋದರು. ನಮಗೆ ಕೇಳೋಕೆ ಧೈರ್ಯವೂ ಸಾಲಲಿಲ್ಲ, ಟೈಮೂ ಸಿಗಲಿಲ್ಲ.

ರಕ್ತದ ಟೆಸ್ಟೇ ನಾರ್ಮಲ್ ಇರುವಾಗ ಯೂರಿನ್ ಹಿಂದೆ ಯಾಕೆ ಬೀಳ್ತಾರೆ? ಗಂಟೆಗೆ ಇಷ್ಟು ಅಂತ ಅಳೆಯೋದರಿಂದ ಏನು ಗೊತ್ತಾಗುತ್ತೆ? ಈ ಕೆಲಸದಲ್ಲಿರೋರು ಯಾರಾದ್ರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ. ಚಿಕಿತ್ಸೆ ಅಲ್ಲಿನ ಡಾಕ್ಟರೇ ನೋಡ್ಕೋತಾರೆ, ಅವರು ಹೇಳೋದು ನಮಗೆ ಅರ್ಥವಾದರೆ ಸಾಕು.

ನೈಟ್‌ಶಿಫ್ಟ್_ಸಿಸ್ಟರ್

ಅಕ್ಕ, ಮೊದಲು ಅಮ್ಮನ ಮಂಚದ ಪಕ್ಕ ಏನಿದೆ ಅಂತ ಹೇಳ್ತೀನಿ, ಉಳಿದಿದ್ದನ್ನ ಡಾಕ್ಟರ್ ಯಾರಾದ್ರೂ ಹೇಳಲಿ.

ಕ್ಯಾತಿಟರ್ ಪೈಪಿನ ತುದೀಲಿ ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಇರುತ್ತೆ, ಮೈಮೇಲೆ ಎಂಎಲ್ ಗೆರೆಗಳು. ಅದೇ ಯೂರೋಮೀಟರ್. ಯೂರಿನ್ ಮೊದಲು ಅದರೊಳಗೆ ಬೀಳುತ್ತೆ. ಗಂಟೆ ಆದ ತಕ್ಷಣ ನಾವು ಬಗ್ಗಿ, ಕಣ್ಣಿನ ಮಟ್ಟಕ್ಕೆ ಗೆರೆ ನೋಡಿ, ಚಾರ್ಟಲ್ಲಿ ಬರೆದು, ಡಬ್ಬಿ ಓರೆ ಮಾಡಿ ಕೆಳಗಿನ ದೊಡ್ಡ ಬ್ಯಾಗಿಗೆ ಇಳಿಸ್ತೀವಿ. ಮುಂದಿನ ಗಂಟೆ ಸೊನ್ನೆಯಿಂದ ಶುರು. ಡಬ್ಬಿಯಿಲ್ಲದ ಸಾದಾ ಯೂರೋಬ್ಯಾಗಲ್ಲಿ 20 ಎಂಎಲ್ ಅಳೆಯೋಕೆ ಆಗಲ್ಲ. ಅದರ ಗೆರೆ ಅಂದಾಜಿಗಷ್ಟೇ. ಯೂರೋಮೀಟರ್ ಇಲ್ಲದ ಕಡೆ ಬ್ಯಾಗ್ ಖಾಲಿ ಮಾಡಿ ಅಳತೆ ಜಾರಲ್ಲಿ ಅಳೀತೀವಿ, ಅದೂ ಸರಿಯೇ.

ಯೂರಿನ್ ಕಡಿಮೆ ಕಂಡರೆ ನಾನು ಡಾಕ್ಟರಿಗೆ ಫೋನ್ ಮಾಡೋಕೆ ಮುಂಚೆ ಪೈಪ್ ನೋಡ್ತೀನಿ. ರೋಗಿಯ ತೊಡೆ ಕೆಳಗೆ ಮಡಚಿಕೊಂಡಿರುತ್ತೆ. ಇಲ್ಲಾಂದ್ರೆ ಪೈಪು ಜೋತುಬಿದ್ದು ಆ ಬಾಗಿದ ಜಾಗದಲ್ಲೇ 30, 40 ಎಂಎಲ್ ನಿಂತಿರುತ್ತೆ. ಪೈಪ್ ಎತ್ತಿ ಇಳಿಸಿದ ಕೂಡಲೇ ಡಬ್ಬಿಗೆ ಬಂದು ಬೀಳುತ್ತೆ. ಆ ಗಂಟೆ "ಸೊನ್ನೆ", ಮುಂದಿನ ಗಂಟೆ "ಅರವತ್ತು" ಅಂತ ಚಾರ್ಟಲ್ಲಿ ಬಂದಿದ್ರೆ ಅದು ಕಿಡ್ನಿ ಮಾಡಿದ್ದಲ್ಲ, ಪೈಪ್ ಮಾಡಿದ್ದು. ಕ್ಯಾತಿಟರ್ ಒಳಗೆ ರಕ್ತದ ಹೆಪ್ಪೋ ಗಸಿಯೋ ಕಟ್ಟಿಕೊಂಡಿದ್ದರೂ ಹೀಗೇ. ಹೊಟ್ಟೆ ಕೆಳಭಾಗ ಮುಟ್ಟಿ ನೋಡಿದರೆ ಮೂತ್ರಕೋಶ ಉಬ್ಬಿರೋದು ಗೊತ್ತಾಗುತ್ತೆ, ಸ್ಕ್ಯಾನ್ ಇದ್ದರೆ ಇನ್ನೂ ಸುಲಭ.

ಅಮ್ಮನ ತೂಕಕ್ಕೆ ನಾವು ಹಿಡಿಯೋ ಗೆರೆ ಗಂಟೆಗೆ 22-23 ಎಂಎಲ್. ಕೆಜಿಗೆ ಅರ್ಧ ಎಂಎಲ್ ಲೆಕ್ಕ. ಒಂದು ಗಂಟೆ ಕಡಿಮೆ ಬಂದರೆ ಗಾಬರಿ ಬೇಡ. ಸತತ ಆರು ಗಂಟೆ ಹಾಗೇ ಬಂದ್ರೆ ನಾವು ಸುಮ್ಮನಿರಲ್ಲ.

ನೋಡೋಕೆ ಹೋದಾಗ ಒಂದು ಮಾತ್ರ ನೆನಪಿಡಿ ಅಕ್ಕ, ಬ್ಯಾಗ್ ಮುಟ್ಟಬೇಡಿ. ಹೊದಿಕೆ ಸರಿ ಮಾಡ್ತಾ ಬ್ಯಾಗ್ ಎತ್ತಿ ಹಾಸಿಗೆ ಮೇಲಿಡೋರು ತುಂಬಾ ಜನ. ಮೂತ್ರಕೋಶಕ್ಕಿಂತ ಮೇಲೆ ಹೋದರೆ ಅದೇ ಯೂರಿನ್ ವಾಪಸ್ ಒಳಗೆ ಹರಿಯುತ್ತೆ, ಸೋಂಕಿಗೆ ದಾರಿ. ನೆಲಕ್ಕೂ ತಾಗಬಾರದು.

ಕಿಡ್ನಿ_ಡಾಕ್ಟರ್_ಜಯನಗರ

ಸಿಸ್ಟರ್ ಹೇಳಿದ್ದರಲ್ಲಿ ಅರ್ಧ ಉತ್ತರ ಬಂತು. ಪೈಪ್ ನೋಡದೆ ಡ್ರಿಪ್ಸ್ ಏರಿಸುವುದು, ಯೂರಿನ್ ಬರಿಸುವ ಲ್ಯಾಸಿಕ್ಸ್ ಔಷಧಿ ಕೊಡುವುದು ನಡೆಯುತ್ತಲೇ ಇರುತ್ತದೆ. ಅವರು ಮೊದಲು ಪೈಪ್ ನೋಡುವುದು ಎಷ್ಟೋ ರೋಗಿಗಳನ್ನು ಉಳಿಸುವ ಅಭ್ಯಾಸ.

ಈಗ ನಿಮ್ಮ ಪ್ರಶ್ನೆ, ಮೇಡಂ. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ತ್ಯಾಜ್ಯ. ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ. ಕಿಡ್ನಿ ನಿಂತರೆ ಅದು ರಕ್ತದಲ್ಲಿ ಸೇರುತ್ತಾ ಹೋಗಬೇಕು, ಸೇರುವುದಕ್ಕೆ ಸಮಯ ಬೇಕು. ಎರಡೂ ಕಿಡ್ನಿ ಸಂಪೂರ್ಣ ಕೈಕೊಟ್ಟರೂ ಮಧ್ಯಮ ಮೈಕಟ್ಟಿನವರಲ್ಲಿ ದಿನಕ್ಕೆ ಸುಮಾರು 1ರಿಂದ 1.5 ಏರುತ್ತದೆ ಅಷ್ಟೆ. ರಾತ್ರಿ ಹನ್ನೆರಡಕ್ಕೆ ಪೆಟ್ಟು ಬಿದ್ದಿದ್ದರೆ ಬೆಳಿಗ್ಗೆ ಆರರ ರಕ್ತದಲ್ಲಿ ಅದು ಕಾಣುವುದೇ ಕಷ್ಟ. ಜಲಮಂಡಳಿಯ ಬಿಲ್ಲು ಹೋದ ತಿಂಗಳ ನೀರಿನದು, ಈಗ ನಲ್ಲಿಯಲ್ಲಿ ನೀರು ಬರುತ್ತಿದೆಯೋ ಇಲ್ಲವೋ ಎಂದು ಅದನ್ನು ನೋಡಿ ಹೇಳಲಾಗದು. ಕ್ರಿಯಾಟಿನಿನ್ ಆ ಬಿಲ್ಲು.

ನಿಮ್ಮ ತಾಯಿಯ ವಿಷಯದಲ್ಲಿ ಇನ್ನೂ ಮೂರು ಕಾರಣಗಳು ಜೊತೆಗೂಡಿವೆ. ವಯಸ್ಸಾಗಿ ಸಣಕಲಾದ ದೇಹ, ಸ್ನಾಯು ಕಡಿಮೆ, ಹಾಗಾಗಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಸೆಪ್ಸಿಸ್‌ನಲ್ಲಿ, ಅಂದರೆ ಅವರಿಗೆ ಆದಂತೆ ಸೋಂಕು ರಕ್ತಕ್ಕೆ ಹರಡಿದಾಗ, ಆ ಉತ್ಪತ್ತಿ ಮತ್ತಷ್ಟು ತಗ್ಗುತ್ತದೆ. ಬಿಪಿ ಬಿದ್ದಾಗ ಲೀಟರ್‌ಗಟ್ಟಲೆ ಡ್ರಿಪ್ಸ್ ಹೋಗಿರುತ್ತದೆ, ರಕ್ತದಲ್ಲಿರುವುದೂ ತೆಳುವಾಗುತ್ತದೆ. ಇಷ್ಟೆಲ್ಲ ಸೇರಿ ಬಂದ 0.7 ಅದು.

ಪ್ರಿಂಟಾಗಿ ಬಂದ 92 ಇದೆಯಲ್ಲ, ಅದನ್ನು ಯಾರೂ ಅಳೆದಿಲ್ಲ. ವಯಸ್ಸು, ಲಿಂಗ, ಕ್ರಿಯಾಟಿನಿನ್ ಮೂರನ್ನು ಸೂತ್ರಕ್ಕೆ ಹಾಕಿ ಕಂಪ್ಯೂಟರ್ ಕೊಟ್ಟ ಸಂಖ್ಯೆ. ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಒಂದೇ ಮಟ್ಟದಲ್ಲಿ ನಿಂತವರಿಗೆ, ಓಪಿಡಿಗೆ ನಡೆದು ಬರುವವರಿಗೆ ಮಾಡಿದ ಸೂತ್ರ ಅದು. ಐಸಿಯುನಲ್ಲಿ ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲ. ಐಸಿಯು ರಿಪೋರ್ಟಿನಲ್ಲಿ ಇಜಿಎಫ್‌ಆರ್ ಪ್ರಿಂಟ್ ಮಾಡುವುದನ್ನೇ ನಿಲ್ಲಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಅದನ್ನು ನೋಡಿ ಮನೆಯವರು ಮಾತ್ರವಲ್ಲ, ಕಿರಿಯ ವೈದ್ಯರೂ ದಾರಿ ತಪ್ಪುತ್ತಾರೆ.

ಎಂಟು ಗಂಟೆಯ ಯೂರಿನ್ ಕೇಳಿದ್ದು ಅದಕ್ಕೇ. ಲೆಕ್ಕ ಸುಲಭ, ಉದಾಹರಣೆಗೆ ಹೀಗಿಟ್ಟುಕೊಳ್ಳಿ. ಎಂಟು ಗಂಟೆಗೆ 160 ಎಂಎಲ್ ಬಂತು. 480 ನಿಮಿಷ, ಅಂದರೆ ನಿಮಿಷಕ್ಕೆ ಒಂದು ಎಂಎಲ್‌ನ ಮೂರನೇ ಒಂದು ಭಾಗ. ಆ ಯೂರಿನ್‌ನಲ್ಲಿ ಕ್ರಿಯಾಟಿನಿನ್ 84 ಮಿಲಿಗ್ರಾಂ ಪ್ರತಿ ಡೆಸಿಲೀಟರ್ ಎಂದು ಬಂದರೆ, 84ನ್ನು ಮೂರರಿಂದ ಭಾಗಿಸಿ, ಬಂದ 28ನ್ನು ರಕ್ತದ 0.7ರಿಂದ ಭಾಗಿಸಿ. 40 ಬಂತು. ಕಿಡ್ನಿ ನಿಮಿಷಕ್ಕೆ 40 ಎಂಎಲ್ ರಕ್ತರಸವನ್ನು ಸೋಸುತ್ತಿದೆ. ಇದನ್ನೇ ಕ್ಲಿಯರೆನ್ಸ್ ಎನ್ನುತ್ತೇವೆ. ಅವರ ಸಣ್ಣ ಮೈಕಟ್ಟಿಗೆ ಸರಿಹೊಂದಿಸಿದರೂ ಆ 92ರ ಅರ್ಧದ ಆಸುಪಾಸು. ಕಾಗದದ ಮೇಲೆ ನಾರ್ಮಲ್ ಇದ್ದ ಕಿಡ್ನಿ ಹಾಸಿಗೆಯಲ್ಲಿ ಅರ್ಧ ಕೆಲಸ ಮಾಡುತ್ತಿದೆ ಎಂದಾಯಿತು.

ಇದಕ್ಕೂ ಮಿತಿ ಇದೆ. ಕ್ರಿಯಾಟಿನಿನ್ ಸೋಸಿ ಹೋಗುವುದಲ್ಲದೆ ಸ್ವಲ್ಪ ಭಾಗವನ್ನು ಕಿಡ್ನಿಯ ನಾಳಗಳೂ ಹೊರದೂಡುತ್ತವೆ. ಹಾಗಾಗಿ ಅಳೆದು ಬಂದ ಸಂಖ್ಯೆ ನಿಜಕ್ಕಿಂತ ತುಸು ಹೆಚ್ಚೇ ಇರುತ್ತದೆ, ಕಿಡ್ನಿ ಸೋತಷ್ಟೂ ಈ ವ್ಯತ್ಯಾಸ ದೊಡ್ಡದು. ಆದರೂ ಸೂತ್ರಕ್ಕಿಂತ ನಾನು ಇದನ್ನೇ ನಂಬುತ್ತೇನೆ.

ಹುಬ್ಬಳ್ಳಿಯಾಂವ_ಯಲಹಂಕ

ಡಾಕ್ಟ್ರ, ನನಗ ಇದರ ಉಲ್ಟಾ ಪ್ರಶ್ನೆ ಐತ್ರಿ. ನಮ್ಮ ಕಾಕಾ ಕಲಘಟಗಿ ಕಡೆ ಭತ್ತದ ಗದ್ದಿ ಮಾಡ್ತಾರ. ಇಲಿ ಜ್ವರ ಆಗಿ ಕಣ್ಣು ಹಳದಿ ಆಗಿ ಇಲ್ಲಿಗೆ ಕರ್ಕೊಂಡು ಬಂದ್ವಿ. ಬ್ಯಾಗಿನ್ಯಾಗ ದಿನಾ ಎರಡು ಲೀಟರ್ ಮ್ಯಾಲೆ ಮೂತ್ರ ತುಂಬತಿತ್ತು. ನಾವು ಖುಷಿ ಆಗಿದ್ವಿ. ಡಾಕ್ಟರು ಬಂದು ಕಿಡ್ನಿಗೆ ಜೋರು ಪೆಟ್ಟು ಬಿದ್ದೈತಿ ಅಂದ್ರು. ಇಷ್ಟು ಮೂತ್ರ ಹೋಗಾಕತ್ತದ, ಕಿಡ್ನಿ ಹೆಂಗ ಕೆಟ್ಟೈತಿ ಅಂತ ನಾವು ಅವರ ಕೂಡ ಜಗಳಾನೇ ಆಡಿದ್ವಿ. ಕಾಕಾ ಈಗ ಆರಾಮ ಅದಾರ. ಆದ್ರ ಆ ಪ್ರಶ್ನೆಗೆ ಉತ್ತರ ಇನ್ನೂ ತಿಳಿದಿಲ್ಲ ನೋಡ್ರಿ.

ಕಿಡ್ನಿ_ಡಾಕ್ಟರ್_ಜಯನಗರ

ಬಹಳ ಒಳ್ಳೆಯ ಪ್ರಶ್ನೆ ಸರ್. ಇಲಿ ಜ್ವರದ ಕಿಡ್ನಿಯದು ಅದೇ ಲಕ್ಷಣ. ಅದರಲ್ಲಿ ಅನೇಕರಿಗೆ ಯೂರಿನ್ ಕಡಿಮೆಯಾಗುವುದೇ ಇಲ್ಲ, ಪೊಟ್ಯಾಸಿಯಂ ಏರುವ ಬದಲು ಇಳಿಯುತ್ತದೆ.

ಕಿಡ್ನಿ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲು ರಕ್ತರಸವನ್ನು ಸೋಸುತ್ತದೆ. ಸೋಸಿದ್ದರಲ್ಲಿ ಬೇಕಾದ ನೀರು, ಉಪ್ಪನ್ನೆಲ್ಲ ನಾಳಗಳು ವಾಪಸ್ ಹೀರುತ್ತವೆ. ಆರೋಗ್ಯವಂತರಲ್ಲಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಹೊರಗೆ ಬಿಡುವುದು ಒಂದೂವರೆ ಎರಡು ಲೀಟರ್ ಮಾತ್ರ. ನಿಮ್ಮ ಕಾಕಾಗೆ ಸೋಸುವುದು ತೀರಾ ಇಳಿದಿತ್ತು, ಜೊತೆಗೆ ಹೀರುವ ನಾಳಗಳಿಗೂ ಪೆಟ್ಟಾಗಿತ್ತು. ಸೋಸಿದ ಅಷ್ಟಿಷ್ಟೂ ಹೀರಿಕೊಳ್ಳದೆ ಹಾಗೇ ಹೊರಗೆ ಹೋಯಿತು. ಬ್ಯಾಗ್ ತುಂಬಿತು, ತ್ಯಾಜ್ಯ ಒಳಗೇ ಉಳಿಯಿತು. ಅಂಥ ಯೂರಿನ್ ನೀರಿನಷ್ಟು ತೆಳ್ಳಗಿರುತ್ತದೆ, ಅದರ ಕ್ರಿಯಾಟಿನಿನ್ ಅಳೆದರೆ ಗೊತ್ತಾಗಿಬಿಡುತ್ತದೆ.

ಹಾಗೆಯೇ ಲ್ಯಾಸಿಕ್ಸ್ ಕೊಟ್ಟು ಬರಿಸಿದ ಯೂರಿನ್ ನೋಡಿ ಕಿಡ್ನಿ ಚೇತರಿಸಿತು ಎಂದುಕೊಳ್ಳಬಾರದು. ಮೈಯಲ್ಲಿ ನೀರು ತುಂಬಿ ಉಸಿರಾಟಕ್ಕೆ ತೊಂದರೆಯಾದಾಗ ಅದು ಬೇಕೇ ಬೇಕು, ಆದರೆ ಕಿಡ್ನಿಯನ್ನು ಅದು ಗುಣಪಡಿಸುವುದಿಲ್ಲ. ಹಿಂದೆ ಕಿಡ್ನಿಗೆಂದು ಸಣ್ಣ ಪ್ರಮಾಣದಲ್ಲಿ ಡೋಪಮಿನ್ ಎಂಬ ಔಷಧಿ ಹಾಕುವ ರೂಢಿ ಎಲ್ಲೆಡೆ ಇತ್ತು. ಅದರಿಂದ ಉಪಯೋಗವಿಲ್ಲ ಎಂದು 2000ದಲ್ಲಿ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಐಸಿಯುಗಳ ದೊಡ್ಡ ಅಧ್ಯಯನವೇ ತೋರಿಸಿತು.

ಲ್ಯಾಸಿಕ್ಸನ್ನು ಪರೀಕ್ಷೆಯಾಗಿ ಬಳಸುವುದು ಬೇರೆ ಮಾತು. ರೋಗಿಯ ಮೈಯಲ್ಲಿ ನೀರಿನ ಕೊರತೆ ಇಲ್ಲ ಎಂದು ಖಚಿತಪಡಿಸಿಕೊಂಡು ಕೆಜಿಗೆ 1 ಮಿಲಿಗ್ರಾಂ ಕೊಡುತ್ತೇವೆ. ಮುಂಚೆಯೇ ಆ ಔಷಧಿ ತೆಗೆದುಕೊಳ್ಳುತ್ತಿದ್ದವರಿಗೆ 1.5. ಎರಡು ಗಂಟೆಯಲ್ಲಿ 200 ಎಂಎಲ್ ಕೂಡ ಬರದಿದ್ದರೆ ಈ ಕಿಡ್ನಿ ಇನ್ನೂ ಕೆಡುವ ಸಂಭವ ಹೆಚ್ಚು, ಡಯಾಲಿಸಿಸ್‌ಗೆ ಸಿದ್ಧರಾಗಿರಬೇಕು. ಮಂಚದ ಪಕ್ಕದಲ್ಲೇ, ಹೆಚ್ಚು ಖರ್ಚಿಲ್ಲದೆ ಇಷ್ಟು ಸ್ಪಷ್ಟ ಉತ್ತರ ಕೊಡುವ ಪರೀಕ್ಷೆ ನಮ್ಮ ಕೈಯಲ್ಲಿ ಹೆಚ್ಚಿಲ್ಲ.

ಮೈಕ್ರೋಸ್ಕೋಪ್_ಮುಂದೆ

ನಾನು ಲ್ಯಾಬ್ ಕಡೆಯವನು. ಯೂರಿನ್ ಬಗ್ಗೆ ಇಷ್ಟು ಮಾತಾಡ್ತಿರೋದು ನೋಡಿ ತುಂಬಾ ಸಂತೋಷ ಆಯ್ತು, ನಮ್ಮಲ್ಲಿ ಕೊನೆಗೆ ನೋಡೋ ಸ್ಯಾಂಪಲ್ಲೇ ಅದು.

ಡಾಕ್ಟ್ರು ಹೇಳಿದ ಎಂಟು ಗಂಟೆ ಲೆಕ್ಕ ಹಾಳಾಗೋದು ಲ್ಯಾಬಲ್ಲಲ್ಲ, ಫಾರಂ ಮೇಲೆ. ನಮಗೆ ಬರೋದು ಒಂದು ಪುಟ್ಟ ಡಬ್ಬಿ. ಒಟ್ಟು ಎಷ್ಟು ಎಂಎಲ್ ಆಯ್ತು, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗೀತು ಅಂತ ಬರೆಯದಿದ್ರೆ ಆ ಡಬ್ಬಿಯಿಂದ ಏನೂ ಲೆಕ್ಕ ಹಾಕೋಕಾಗಲ್ಲ. ಶುರು ಮಾಡೋವಾಗ ಬ್ಯಾಗಲ್ಲಿದ್ದ ಹಳೇ ಯೂರಿನ್ ಚೆಲ್ಲಿರಬೇಕು. ಮುಗಿದ ಮೇಲೆ ಪೂರ್ತಿ ಕಲಸಿ ಅದರಿಂದ ಸ್ವಲ್ಪ ಕಳಿಸಬೇಕು. ರಕ್ತದ ಸ್ಯಾಂಪಲ್ಲೂ ಅದೇ ಎಂಟು ಗಂಟೆ ಒಳಗಿನದಾಗಿರಬೇಕು, ನಿನ್ನೆದಲ್ಲ.

ಮೈಕ್ರೋಸ್ಕೋಪಿಗೆ ಕಳಿಸೋದಾದ್ರೆ ಬ್ಯಾಗಿಂದ ಬೇಡ. ಪೈಪಲ್ಲಿರೋ ಸ್ಯಾಂಪಲ್ ಪೋರ್ಟನ್ನ ಒರೆಸಿ, ಸಿರಿಂಜಲ್ಲಿ ತೆಗೆದು, ತಕ್ಷಣ ಕಳಿಸಿ. ಒಂದೆರಡು ಗಂಟೆ ಹಾಗೇ ಇಟ್ಟರೆ ಒಳಗಿರೋದು ಕರಗಿಹೋಗುತ್ತೆ. ಬಂದ ಕೂಡಲೇ ಮಷೀನಲ್ಲಿ ಗಿರ್ರನೆ ತಿರುಗಿಸಿ, ತಳದಲ್ಲಿ ಕೂತ ಒಂದು ಹನಿ ಗಾಜಿನ ಮೇಲಿಟ್ಟು ನೋಡಿದ್ರೆ, ಪೆಟ್ಟು ತಿಂದ ಕಿಡ್ನಿ ತನ್ನ ಕಥೆ ತಾನೇ ಹೇಳುತ್ತೆ. ನಾಳಗಳ ಒಳಗಿನ ಕೋಶಗಳು ಸತ್ತು ಉದುರಿ, ನಾಳದ ಅಚ್ಚಿನಲ್ಲೇ ಗಟ್ಟಿಯಾಗಿ ಬಂದಿರುತ್ತೆ. ಉದ್ದಕ್ಕೆ, ಕೆಸರಿನ ಕಂದು ಬಣ್ಣ, ಮೈತುಂಬ ಕಾಳು ಕಾಳು. ಒಂದು ಫೀಲ್ಡಲ್ಲಿ ಅಂಥವು ನಾಲ್ಕೈದು ಕಂಡರೆ ಬರೀ ನೀರು ಕಡಿಮೆಯಾಗಿರೋದಲ್ಲ, ನಾಳಗಳೇ ಸಾಯ್ತಿವೆ ಅಂತ ಅರ್ಥ. ಕೆಂಪು ರಕ್ತಕಣಗಳ ಅಚ್ಚು ಕಂಡ್ರೆ ಅದು ಸೋಸುವ ಜಾಲರಿಯದೇ ಕಾಯಿಲೆ, ದಾರಿಯೇ ಬೇರೆ. ಮಷೀನ್ ಎಷ್ಟೋ ಸಲ ಈ ಅಚ್ಚುಗಳನ್ನ ಹಿಡಿಯಲ್ಲ. ಮನುಷ್ಯನೇ ಕೂತು ನೋಡಬೇಕು. ನನ್ನ ಕೋರಿಕೆ ಏನಂದ್ರೆ ಕಿಡ್ನಿ ಡಾಕ್ಟರು ಆಗಾಗ ಲ್ಯಾಬಿಗೆ ಇಳಿದು ಬಂದು ಅವರೇ ಕಣ್ಣಿಟ್ಟು ನೋಡಲಿ.

ಇನ್ನೊಂದು. ಡಿಪ್‌ಸ್ಟಿಕ್ ಅನ್ನೋ ಪರೀಕ್ಷೆ ಪಟ್ಟಿಯನ್ನ ಯೂರಿನ್‌ನಲ್ಲಿ ಅದ್ದಿದರೆ ರಕ್ತ ಇದೆ ಅಂತ ಜೋರಾಗಿ ಬಣ್ಣ ಬರುತ್ತೆ, ಮೈಕ್ರೋಸ್ಕೋಪಲ್ಲಿ ನೋಡಿದರೆ ಕೆಂಪು ಕಣ ಒಂದೂ ಇರಲ್ಲ. ಅಪಘಾತದಲ್ಲಿ ಕಾಲು ನಜ್ಜುಗುಜ್ಜಾದವರು, ದೊಡ್ಡ ಕರೆಂಟ್ ಶಾಕ್ ಹೊಡೆಸಿಕೊಂಡವರಲ್ಲಿ ಹೀಗಾಗುತ್ತೆ. ಸ್ನಾಯು ಒಡೆದು ಅದರ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್ ಯೂರಿನ್‌ಗೆ ಬಂದಿರುತ್ತೆ, ಬಣ್ಣ ಕೋಲಾ ತರಹ. ಕೊಳಕುಮಂಡಲ ಹಾವು ಕಚ್ಚಿ ರಕ್ತಕಣಗಳು ಒಡೆದವರಲ್ಲೂ ಡಿಪ್‌ಸ್ಟಿಕ್ ಹೀಗೇ ತೋರಿಸುತ್ತೆ. ಅಂಥ ರಿಪೋರ್ಟ್ ಬಂದರೆ ನಾನು ಪ್ರಿಂಟ್ ಆಗೋಕೆ ಕಾಯಲ್ಲ, ಐಸಿಯುಗೆ ನೇರ ಫೋನ್ ಮಾಡ್ತೀನಿ.

ಬಸವನಗುಡಿ_ಮಗಳು

ಇಷ್ಟು ವಿವರ ಕೊಟ್ಟ ನಿಮಗೆಲ್ಲ ಕೈಮುಗಿದು ಥ್ಯಾಂಕ್ಸ್. ಇವತ್ತು ಸಿಸ್ಟರ್ ಯೂರೋಮೀಟರ್ ಓದೋದನ್ನ ನಿಂತು ನೋಡಿದೆ, ನೀವು ಹೇಳಿದ ಹಾಗೇ ಬಗ್ಗಿ ಕಣ್ಣಿನ ಮಟ್ಟಕ್ಕೆ ನೋಡಿದರು. ಡಾಕ್ಟರು ಇನ್ನೊಂದು ಟೆಸ್ಟ್ ಬರೆದಿದ್ದಾರೆ, ಯೂರಿನ್ ಸೋಡಿಯಂ. ಲ್ಯಾಸಿಕ್ಸ್ ಕೊಡೋಕೆ ಮುಂಚೆಯೇ ತೆಗೀಬೇಕು ಅಂತ ಎರಡು ಸಲ ಹೇಳಿದರು. ಅದ್ಯಾಕೆ?

ಮೈಕ್ರೋಸ್ಕೋಪ್_ಮುಂದೆ

ಲ್ಯಾಸಿಕ್ಸ್ ಕೆಲಸ ಮಾಡೋದೇ ಸೋಡಿಯಂ ಹೊರಗೆ ತಳ್ಳಿ. ಕೊಟ್ಟ ಮೇಲೆ ತೆಗೆದ ಸ್ಯಾಂಪಲ್ಲಲ್ಲಿ ಔಷಧಿ ಮಾಡಿದ್ದು ಕಾಣುತ್ತೆ, ಕಿಡ್ನಿ ಮಾಡಿದ್ದು ಕಾಣಲ್ಲ.

ಕಿಡ್ನಿಗೆ ರಕ್ತ ಸಾಲದೆ ಬಂದಾಗ, ಇನ್ನೂ ಕೆಟ್ಟಿಲ್ಲದಿದ್ರೆ, ಅದು ಉಪ್ಪನ್ನ ಬಿಗಿಯಾಗಿ ಹಿಡ್ಕೊಳ್ಳುತ್ತೆ. ನಾಳಗಳೇ ಕೆಟ್ಟರೆ ಹಿಡ್ಕೊಳ್ಳೋಕೆ ಆಗಲ್ಲ. ಸೋಸಿದ ಸೋಡಿಯಂನಲ್ಲಿ ಶೇಕಡ ಎಷ್ಟು ಹೊರಗೆ ಹೋಯ್ತು ಅಂತ ಲೆಕ್ಕ ಹಾಕ್ತಾರೆ. ಶೇ 1ಕ್ಕಿಂತ ಕಡಿಮೆ ಇದ್ರೆ ಕಿಡ್ನಿ ಇನ್ನೂ ಹಿಡಿತದಲ್ಲಿದೆ ಅಂತ, 2 ದಾಟಿದ್ರೆ ನಾಳಗಳಿಗೆ ಪೆಟ್ಟು ಅಂತ ಓದ್ತಾರೆ.

ಕಿಡ್ನಿ_ಡಾಕ್ಟರ್_ಜಯನಗರ

ಒಂದು ಎಚ್ಚರಿಕೆ ಸೇರಿಸುತ್ತೇನೆ. ಸೆಪ್ಸಿಸ್‌ನಲ್ಲಿ ಈ ಗೆರೆ ಅಷ್ಟು ನೇರವಾಗಿ ನಿಲ್ಲುವುದಿಲ್ಲ. ನಾಳಗಳಿಗೆ ಪೆಟ್ಟಾಗಿದ್ದರೂ ಶೇ 1ಕ್ಕಿಂತ ಕಡಿಮೆ ಬರಬಹುದು, ಸ್ನಾಯು ಒಡೆದವರಲ್ಲೂ ಸ್ಕ್ಯಾನಿಗೆ ಕೊಡುವ ಕಾಂಟ್ರಾಸ್ಟ್‌ನಿಂದ ಕಿಡ್ನಿ ಕೆಟ್ಟವರಲ್ಲೂ ಹೀಗೇ. ಆಗಲೇ ಲ್ಯಾಸಿಕ್ಸ್ ಹೋಗಿದ್ದರೆ ಸೋಡಿಯಂ ಬದಲು ಯೂರಿಯಾ ಲೆಕ್ಕ ನೋಡುತ್ತೇವೆ, ಶೇ 35ಕ್ಕಿಂತ ಕಡಿಮೆಯೋ ಹೆಚ್ಚೋ ಎಂದು. ಯಾವ ಒಂದು ಸಂಖ್ಯೆಯನ್ನೂ ಒಂಟಿಯಾಗಿ ಹಿಡಿದು ಡ್ರಿಪ್ಸ್ ಸುರಿಯಬಾರದು. ಸೋಡಿಯಂ ಕಡಿಮೆ ಇದೆ, ನೀರು ಬೇಕು ಎಂದು ಲೀಟರ್ ಮೇಲೆ ಲೀಟರ್ ಹಾಕಿ ಶ್ವಾಸಕೋಶಕ್ಕೆ ನೀರು ತುಂಬಿಸಿದ ರೋಗಿಗಳನ್ನು ನೋಡಿದಾಗ ಸಂಕಟವಾಗುತ್ತದೆ.

ರಾಜಾಜಿನಗರ_2ನೇ_ಬ್ಲಾಕ್

ಎಲ್ಲ ಓದಿದೆ. ಕೋಪ ಬೇಡ, ಮನಸ್ಸಿನಲ್ಲಿರೋದು ಕೇಳ್ತೀನಿ. ಐಸಿಯು ಬಿಲ್ಲು ದಿನಕ್ಕೆ ಎಷ್ಟಾಗುತ್ತೆ ಅಂತ ಕಟ್ಟಿದವರಿಗೇ ಗೊತ್ತು. ಅದರ ಮೇಲೆ ಈ ಟೆಸ್ಟು, ಆ ಟೆಸ್ಟು. ನಮ್ಮ ಸಂಬಂಧಿಕರೊಬ್ಬರಿಗೆ ಒಂದು ಕಡೆ ಎನ್‌ಗಾಲ್ ಅಂತ ಒಂದು ಯೂರಿನ್ ಟೆಸ್ಟ್ ಬರೆದಿದ್ರು. ಬಿಲ್ ಬಂತು, ಚಿಕಿತ್ಸೆಯಲ್ಲಿ ಏನು ಬದಲಾಯ್ತು ಅಂತ ಯಾರೂ ಹೇಳಲಿಲ್ಲ. ಇವೆಲ್ಲ ನಿಜಕ್ಕೂ ಬೇಕಾ?

ಕಿಡ್ನಿ_ಡಾಕ್ಟರ್_ಜಯನಗರ

ಕೋಪ ಯಾಕೆ ಸರ್, ಕೇಳಲೇಬೇಕಾದ ಪ್ರಶ್ನೆ.

ಎನ್‌ಗಾಲ್, ಕಿಮ್-1 ಇವೆಲ್ಲ ಪೆಟ್ಟಾದ ಕಿಡ್ನಿಯಿಂದ ಯೂರಿನ್‌ಗೆ ಬರುವ ಪ್ರೋಟೀನ್‌ಗಳು. ಕ್ರಿಯಾಟಿನಿನ್ ಏರುವ ಮುಂಚೆಯೇ ಕಾಣುತ್ತವೆ. ಟಿಂಪ್-2, ಐಜಿಎಫ್‌ಬಿಪಿ-7 ಎಂಬ ಎರಡನ್ನು ಜೊತೆಗೂಡಿಸಿ ನೋಡುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಒಪ್ಪಿಗೆ ಕೊಟ್ಟಿತು. 0.3 ದಾಟಿದರೆ ಮುಂದಿನ ಹನ್ನೆರಡು ಗಂಟೆಯಲ್ಲಿ ಕಿಡ್ನಿ ಕೆಡುವ ಅಪಾಯವಿದೆ ಎಂದು ಓದುತ್ತಾರೆ. ವಿಜ್ಞಾನವಾಗಿ ಇದು ದೊಡ್ಡ ಹೆಜ್ಜೆ, ನನಗೆ ಅದರ ಮೇಲೆ ಗೌರವವಿದೆ. ಆದರೆ ಎನ್‌ಗಾಲ್ ಸೋಂಕಿನಿಂದಲೂ ಏರುತ್ತದೆ. ಸೆಪ್ಸಿಸ್ ರೋಗಿಯಲ್ಲಿ ಏರಿದ್ದು ಕಿಡ್ನಿಯಿಂದಲೋ ಸೋಂಕಿನಿಂದಲೋ ಬೇರ್ಪಡಿಸುವುದು ಕಷ್ಟ.

ರಿಪೋರ್ಟ್ ಬಂದ ಮೇಲೆ ಔಷಧಿ ಬದಲಾಗುತ್ತದೆಯೇ, ಡ್ರಿಪ್ಸ್ ಬದಲಾಗುತ್ತದೆಯೇ? ಯಾವುದೂ ಬದಲಾಗದಿದ್ದರೆ ನಾನು ಬರೆಯುವುದಿಲ್ಲ. ನಮ್ಮ ಊರಿನ ಬಹುಪಾಲು ರೋಗಿಗಳಿಗೆ ಇವು ಬೇಕಾಗುವುದಿಲ್ಲ ಎಂಬುದು ನನ್ನ ನಿಲುವು. ಗಂಟೆಗಂಟೆಯ ಅಳತೆ, ಎಂಟು ಗಂಟೆಯ ಕ್ಲಿಯರೆನ್ಸ್, ಒಂದು ಹನಿ ಯೂರಿನ್ ಮೈಕ್ರೋಸ್ಕೋಪಿನ ಕೆಳಗೆ: ಇಷ್ಟು ವಿಕ್ಟೋರಿಯಾ ಆವರಣದ ನೆಫ್ರೋ-ಯುರಾಲಜಿ ಸಂಸ್ಥೆಗೂ ಸಾಧ್ಯ, ತಾಲೂಕು ಆಸ್ಪತ್ರೆಗೂ ಸಾಧ್ಯ. ಅದಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಸಾಕಷ್ಟು ಸಿಸ್ಟರ್‌ಗಳು. ಒಬ್ಬರಿಗೆ ನಾಲ್ಕು ಬೆಡ್ ವಹಿಸಿ ಪ್ರತಿ ಗಂಟೆ ಯೂರಿನ್ ಅಳೆಯಿರಿ ಎಂದರೆ ಆ ಚಾರ್ಟನ್ನು ಯಾವ ಧೈರ್ಯದ ಮೇಲೆ ನಂಬುವುದು?

ನೈಟ್‌ಶಿಫ್ಟ್_ಸಿಸ್ಟರ್

ಡಾಕ್ಟ್ರೇ, ಈ ಮಾತು ಮ್ಯಾನೇಜ್‌ಮೆಂಟ್ ಮೀಟಿಂಗಲ್ಲೂ ಯಾರಾದ್ರೂ ಹೇಳಬೇಕು. ಕೆಲಸ ಜಾಸ್ತಿಯಾದಾಗ ಮೊದಲು ತಪ್ಪೋದು ಯೂರಿನ್ ಅಳತೆನೇ. ಮೂರು ಗಂಟೆದು ಒಟ್ಟಿಗೆ ಅಳೆದು ಮೂರು ಭಾಗ ಮಾಡಿ ಬರೆಯೋದು ನಡೆಯುತ್ತೆ. ಚಾರ್ಟಲ್ಲಿ 40, 40, 40 ಅಂತ ಸಾಲಾಗಿ ಒಂದೇ ಸಂಖ್ಯೆ ಕಂಡರೆ ನಾನು ಆ ಡ್ಯೂಟಿಯವರನ್ನ ಕೂರಿಸಿ ಮಾತಾಡ್ತೀನಿ.

ಡೋಸ್_ಲೆಕ್ಕ

ಆಸ್ಪತ್ರೆ ಫಾರ್ಮಸಿಯಿಂದ ಒಂದು ಮಾತು, ಇದನ್ನ ಯಾರೂ ಮುಟ್ಟಲಿಲ್ಲ. ಕಿಡ್ನಿ ಕಡಿಮೆ ಕೆಲಸ ಮಾಡೋದನ್ನಷ್ಟೇ ಅಲ್ಲ, ಅತಿಯಾಗಿ ಕೆಲಸ ಮಾಡೋದನ್ನೂ ಎಂಟು ಗಂಟೆ ಯೂರಿನ್ನೇ ಹಿಡಿಯೋದು.

ತುಮಕೂರು ರಸ್ತೇಲಿ ಬೈಕ್ ಬಿದ್ದು ತಲೆಗೆ ಏಟಾಗಿ ಬಂದ ಇಪ್ಪತ್ತಾರರ ಹುಡುಗ ಅಂತ ಇಟ್ಕೊಳ್ಳಿ. ಕ್ರಿಯಾಟಿನಿನ್ 0.6. ಎಂಟು ಗಂಟೆಗೆ ಯೂರಿನ್ 840 ಎಂಎಲ್, ಅದರಲ್ಲಿ ಕ್ರಿಯಾಟಿನಿನ್ 55. ನಿಮಿಷಕ್ಕೆ 1.75 ಎಂಎಲ್ ಆಯ್ತು. ಡಾಕ್ಟ್ರು ಮೇಲೆ ಹೇಳಿದ ಎಂಟು ಗಂಟೆ ಲೆಕ್ಕಕ್ಕೇ ಹಾಕಿ, 160 ಬರುತ್ತೆ. 130 ದಾಟಿದ್ರೆ ಕಿಡ್ನಿ ಅತಿ ವೇಗದಲ್ಲಿ ಸೋಸ್ತಿದೆ ಅಂತ ಅರ್ಥ. ತಲೆ ಏಟು, ಸುಟ್ಟಗಾಯ, ಸೆಪ್ಸಿಸ್ ಆದ ಎಳೆ ವಯಸ್ಸಿನವರಲ್ಲಿ ಇದು ಅಪರೂಪವೇನಲ್ಲ. ಮೆರೊಪೆನೆಮ್, ವ್ಯಾಂಕೋಮೈಸಿನ್ ಮಾಮೂಲಿ ಡೋಸಲ್ಲಿ ಕೊಟ್ಟರೆ ಮುಂದಿನ ಡೋಸ್ ಬರೋದರೊಳಗೆ ರಕ್ತದಲ್ಲಿ ಔಷಧಿ ಸಾಕಷ್ಟು ಉಳಿದಿರಲ್ಲ. ಆಂಟಿಬಯಾಟಿಕ್ ಕೆಲಸ ಮಾಡ್ತಿಲ್ಲ ಅಂತ ಇನ್ನೂ ಜೋರಿನದಕ್ಕೆ ಹೋಗ್ತಾರೆ. ತಪ್ಪಿದ್ದು ಔಷಧಿ ಅಲ್ಲ, ಪ್ರಮಾಣ.

ಬಸವನಗುಡಿ ಮೇಡಂ, ನಿಮ್ಮ ಅಮ್ಮನಿಗೆ ಇದರ ಉಲ್ಟಾ. 92 ನಂಬಿ ಪೂರ್ತಿ ಡೋಸ್ ಕೊಡ್ತಾ ಹೋದರೆ ಔಷಧಿ ಮೈಯಲ್ಲಿ ಸೇರ್ಕೊಳ್ಳುತ್ತೆ. ಅಮಿಕಾಸಿನ್, ಕೊಲಿಸ್ಟಿನ್ ಅಂಥವು ಕಿಡ್ನಿಗೇ ವಿಷ. ಮೊದಲ ಡೋಸ್ ಮಾತ್ರ ಕಡಿಮೆ ಮಾಡಬಾರದು, ಸೋಂಕು ಜೋರಾಗಿರುವಾಗ ಅದು ಪೂರ್ತಿ ಹೋಗಲೇಬೇಕು. ಆಮೇಲಿನವು ಅಳೆದ ಕ್ಲಿಯರೆನ್ಸ್ ನೋಡಿಕೊಂಡು. "ಡೋಸ್ ಅಡ್ಜಸ್ಟ್ ಆಗಿದೆಯಾ, ಯಾವ ಸಂಖ್ಯೆ ಇಟ್ಕೊಂಡು ಮಾಡಿದ್ರಿ" ಅಂತ ಧೈರ್ಯವಾಗಿ ಕೇಳಿ, ಒಳ್ಳೆ ಡಾಕ್ಟರು ಬೇಜಾರು ಮಾಡ್ಕೊಳ್ಳಲ್ಲ.

ಬಸವನಗುಡಿ_ಮಗಳು

ಕೇಳ್ತೀನಿ ಸರ್. ಇನ್ನೊಂದು, ನಮ್ಮತ್ತೆ ಎಳನೀರು, ಬಾರ್ಲಿ ನೀರು ಕುಡಿಸಿದರೆ ಯೂರಿನ್ ಸಲೀಸಾಗಿ ಹೋಗುತ್ತೆ ಅಂತ ಫ್ಲಾಸ್ಕಲ್ಲಿ ತಂದಿಟ್ಟಿದ್ದಾರೆ. ಸಿಸ್ಟರ್ ಬೇಡ ಅಂದ್ರು, ಅತ್ತೆಗೆ ನೋವಾಗಿದೆ.

ನೈಟ್‌ಶಿಫ್ಟ್_ಸಿಸ್ಟರ್

ಅತ್ತೆಯವರ ಪ್ರೀತಿ ಅರ್ಥ ಆಗುತ್ತೆ ಅಕ್ಕ. ಆದ್ರೆ ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ. ಯೂರಿನ್ ಕಡಿಮೆ ಇರುವಾಗ ಅದು ಹೊರಗೆ ಹೋಗದೆ ರಕ್ತದಲ್ಲಿ ಏರಿದ್ರೆ ಹೃದಯದ ಬಡಿತವೇ ತಪ್ಪುತ್ತೆ, ನಿಂತೂ ಹೋಗಬಹುದು. ಬಾರ್ಲಿ ನೀರೂ ಬೇಡ, ಒಳಗೆ ಹೋಗೋ ಪ್ರತಿ ಎಂಎಲ್‌ನೂ ನಾವು ಚಾರ್ಟಲ್ಲಿ ಬರೀತೀವಿ, ಕದ್ದು ಕುಡಿಸಿದ್ರೆ ಲೆಕ್ಕವೆಲ್ಲ ತಪ್ಪುತ್ತೆ. ಡಾಕ್ಟರು ಪೊಟ್ಯಾಸಿಯಂ ನೋಡಿ ಹೂಂ ಅಂದ ಮೇಲೆ ಅತ್ತೆಯವರೇ ಬಂದು ಕುಡಿಸಲಿ.

ಬಿಪಿ ಔಷಧಿ ನಿಂತು, ಯೂರಿನ್ ಸರಿಯಾದ ಮೇಲೆ ಕ್ಯಾತಿಟರ್ ಯಾವಾಗ ತೆಗೀತೀರಿ ಅಂತ ದಿನಾ ಕೇಳಿ. ಇಟ್ಟಷ್ಟು ದಿನವೂ ಸೋಂಕಿನ ಅಪಾಯ ಏರುತ್ತೆ, ಅಮ್ಮನಿಗೆ ಇದೆಲ್ಲ ಶುರುವಾಗಿದ್ದೇ ಮೂತ್ರದ ಸೋಂಕಿನಿಂದ. ತೆಗೆದ ಮೇಲೂ ಅಳೆಯೋದು ನಿಲ್ಲಲ್ಲ. ಡೈಪರ್ ಹಾಕಿದ್ರೆ ಒಣಗಿದ್ದರ ತೂಕ, ಒದ್ದೆಯಾದ್ದರ ತೂಕ ಎರಡೂ ನೋಡ್ತೀವಿ. ಒಂದು ಗ್ರಾಂ ಜಾಸ್ತಿ ಅಂದ್ರೆ ಹತ್ತಿರ ಹತ್ತಿರ ಒಂದು ಎಂಎಲ್.

ಹುಬ್ಬಳ್ಳಿಯಾಂವ_ಯಲಹಂಕ

ಡಾಕ್ಟ್ರ, ಕಡೀಕ ಒಂದ ಪ್ರಶ್ನೆ. ಕಾಕಾ ಡಿಸ್ಚಾರ್ಜ್ ಆಗಿ ಊರಿಗೆ ಹೋಗಿ ಗದ್ದಿ ಕೆಲಸಕ್ಕ ಇಳದಾರ. ಕ್ರಿಯಾಟಿನಿನ್ 1.0ಕ್ಕ ಬಂದೈತಿ. ಇನ್ನ ಮೂತ್ರ ತೋರಿಸೋ ಜರೂರಿ ಏನರ ಐತೇನ್ರಿ?

ಕಿಡ್ನಿ_ಡಾಕ್ಟರ್_ಜಯನಗರ

ಇದೆ ಸರ್, ಇಲ್ಲಿಯೇ ಹೆಚ್ಚಿನವರು ಕೈಬಿಡುವುದು. ತಿಂಗಳುಗಟ್ಟಲೆ ಕಾಯಿಲೆಯಾಗಿ ಸ್ನಾಯು ಕರಗಿದವರಲ್ಲಿ 1.0 ಎಂಬುದು ಪೂರ್ತಿ ಗುಣವಾದ ಕಿಡ್ನಿಯೇ ಎಂದು ಹೇಳಲಾಗದು. ಪೆಟ್ಟಾದ ಮೂರು ತಿಂಗಳಿಗೆ ಒಮ್ಮೆ ಕ್ರಿಯಾಟಿನಿನ್ ಜೊತೆಗೆ ಯೂರಿನ್ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಮಾಡಿಸಿ, ಅಲ್ಬುಮಿನ್ ಎಂದರೆ ರಕ್ತದ ಒಂದು ಪ್ರೋಟೀನ್. ಬೆಳಗಿನ ಮೊದಲ ಯೂರಿನ್ ಒಂದು ಡಬ್ಬಿ ಸಾಕು, 24 ಗಂಟೆ ಕೂಡಿಸುವುದು ಬೇಡ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಹೆಚ್ಚು ಅಲ್ಬುಮಿನ್ ಬಂದರೆ ಹುಬ್ಬಳ್ಳಿಯಲ್ಲೇ ಕಿಡ್ನಿ ವೈದ್ಯರನ್ನು ಕಾಣಲಿ, ಬೆಂಗಳೂರಿಗೆ ಬರಬೇಕೆಂದಿಲ್ಲ.

ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವುದು ಬೇಡ, ಪ್ಯಾರಾಸಿಟಮಾಲ್ ಸಾಕು. ಡಿಸ್ಚಾರ್ಜ್ ಕಾಗದದಲ್ಲಿ ಕಿಡ್ನಿಗೆ ಪೆಟ್ಟಾಗಿತ್ತು ಎಂದು, ಕ್ರಿಯಾಟಿನಿನ್ ಎಲ್ಲಿಯವರೆಗೆ ಏರಿತ್ತು ಎಂದು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಆ ಆಸ್ಪತ್ರೆಯಲ್ಲಿ ಕೇಳಿ ಬರೆಸಿಕೊಂಡು ಫೋನಿನಲ್ಲಿ ಫೋಟೊ ಇಟ್ಟುಕೊಳ್ಳಿ. ಮುಂದೆ ಯಾರಾದರೂ ಕಾಂಟ್ರಾಸ್ಟ್ ಹಾಕಿ ಸ್ಕ್ಯಾನ್ ಮಾಡಬೇಕೆಂದರೆ ಮೊದಲು ಅದನ್ನು ತೋರಿಸಿ.

ಗದ್ದೆಗೆ ಇಳಿಯುವಾಗ ಗಂಬೂಟ್ ಹಾಕಿಕೊಳ್ಳಲು ಹೇಳಿ. ಕಾಲಿನಲ್ಲಿ ಗಾಯವಿದ್ದರೆ ಅದು ಮಾಯುವವರೆಗೆ ಕೆಸರಿಗೆ ಇಳಿಯುವುದು ಬೇಡ, ಇಲಿ ಜ್ವರ ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಎಂದೇನಿಲ್ಲ.